ಆಸ್ಪತ್ರೆಯಿಲ್ಲದ ಮಂಗಳೂರು

ನಮ್ಮ ಬ್ರಹ್ಮಾವರದ ಕಡೆ ಯಾರಾದರೂ ಮಂಗಳೂರಿಗೆ ಹೋಗಿದ್ದಾರೆಂದು ತಿಳಿದರೆ, ಕೇಳಿದವರ ಮುಂದಿನ ಪ್ರಶ್ನೆ "ಯಾರಿಗೆ ಹುಷಾರಿಲ್ಲ?" ಎಂಬುದೇ ಆಗಿರುತ್ತದೆ. ಎಪ್ಪತ್ತು ಕಿಲೋಮೀಟರಿನಷ್ಟು ದೂರದ ಆ ನಗರ ನಮ್ಮ ಪಾಲಿಗೆ ಚೀಟಿ ಮಾಡಿಸುವ ಸಾಲು, ಎಕ್ಸ್‌ರೇ ಲಕೋಟೆ, ವಾರ್ಡಿನ ಹೊರಗಿನ ಬೆಂಚು, ಇಷ್ಟೇ ಆಗಿಬಿಟ್ಟಿದೆ. ಅಮ್ಮನ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಗಾಗಿ ಎರಡು ವರ್ಷಗಳಲ್ಲಿ ನಾವು ಅಲ್ಲಿಗೆ ಹೋಗಿಬಂದ ಲೆಕ್ಕವನ್ನು ನಾನು ಇಟ್ಟಿಲ್ಲ. ಆದರೆ ಕೊನೆಯ ತಪಾಸಣೆ ಮುಗಿದು "ಇನ್ನು ಬರಬೇಕಾಗಿಲ್ಲ" ಎಂದು ವೈದ್ಯರು ಹೇಳಿದ ದಿನ, ಬಸ್ಸಿನ ಕಿಟಕಿಯಾಚೆ ನೋಡುತ್ತ ಅಮ್ಮ ಹೇಳಿದ ಮಾತು ನೆನಪಿದೆ: "ಒಂದ್ ಸಲ ಆಸ್ಪತ್ರಿ ಇಲ್ದೆ ಮಂಗ್ಳೂರ್ ಕಾಣ್ಕ್ ಮಗಾ."

ಅದಕ್ಕೆ ಡಿಸೆಂಬರ್ 24ನ್ನು ಆರಿಸಿಕೊಂಡದ್ದು ನಾನು. ನೆರೆಮನೆಯ ಬಾಯಮ್ಮ ಪ್ರತಿ ವರ್ಷ ತಂದುಕೊಡುವ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯನ್ನು ಬಿಟ್ಟರೆ ಕ್ರಿಸ್ಮಸ್ ಎಂದರೇನೆಂಬುದನ್ನು ಅಮ್ಮ ಹತ್ತಿರದಿಂದ ನೋಡಿರಲಿಲ್ಲ. ಊರಿಗೆ ಊರೇ ಸಿಂಗರಿಸಿಕೊಂಡಿರುವ ದಿನ ಹೋದರೆ ಕಂಡದ್ದರ ಮೇಲೆ ಆಸ್ಪತ್ರೆಯ ನೆರಳು ಬೀಳಲಾರದೆಂಬ ಲೆಕ್ಕಾಚಾರವೂ ನನಗಿತ್ತು. ಬೆಳಗಿನ ಎಕ್ಸ್‌ಪ್ರೆಸ್ ಬಸ್ಸು ಕಲ್ಯಾಣಪುರದ ಸೇತುವೆ ದಾಟುವಾಗಲೇ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ಕಾಣತೊಡಗಿದವು. ಮೂಲ್ಕಿ ಬರುವವರೆಗೆ ಅಮ್ಮ ಅವುಗಳನ್ನು ಎಣಿಸಿದರು, ಆಮೇಲೆ ನಿದ್ದೆಹೋದರು.

ಹಂಪನಕಟ್ಟೆಯಲ್ಲಿ ಇಳಿದಾಗ ಸುಮಾರು ಒಂಬತ್ತೂವರೆ. ಮಿಲಾಗ್ರಿಸ್ ಚರ್ಚಿನ ಎದುರಿನ ರಸ್ತೆಯಲ್ಲಿ ನಾನು ಎಷ್ಟೋ ಸಲ ಬಸ್ಸಿಗಾಗಿ ಕಾದಿದ್ದೇನೆ, ಆದರೆ ಅದರ ಗೇಟು ದಾಟಿದ್ದು ಅದೇ ಮೊದಲು. ಪೋರ್ಚುಗೀಸ್ ಭಾಷೆಯಲ್ಲಿ ಮಿಲಾಗ್ರಿಸ್ ಎಂದರೆ ಪವಾಡಗಳು. ಬಿಷಪ್ ತೋಮಸ್ ಡಿ ಕಾಸ್ಟ್ರೊ ಅವರು ಇಲ್ಲಿ ಇಗರ್ಜಿ ಕಟ್ಟಿಸಿದ್ದು 1680ರಲ್ಲಿ, ಅಂದರೆ ಕರಾವಳಿಯು ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿದ್ದ ಕಾಲದಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಆ ಇಗರ್ಜಿ ನಾಶವಾಯಿತು. 1799ರ ನಂತರ ಬದುಕಿ ಮರಳಿದವರು ಮತ್ತೆ ಕಟ್ಟಿಕೊಂಡರು. ಈಗ ನಾವು ನೋಡುವ ಕಟ್ಟಡ 1911ರದ್ದು. ಇದನ್ನೆಲ್ಲ ಅಮ್ಮನಿಗೆ ವಿವರಿಸುತ್ತಿದ್ದಾಗ ಅವರ ಗಮನ ಪೂರ್ತಿಯಾಗಿ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಮೇಲಿತ್ತು.

ಆವರಣದ ಒಂದು ಬದಿಯಲ್ಲಿ ನಾಲ್ಕೈದು ಮಂದಿ ಹುಡುಗರು ಬೈಹುಲ್ಲು, ಬಿದಿರು, ಗೋಣಿತಾಟುಗಳಿಂದ ಕೊಟ್ಟಿಗೆ ಕಟ್ಟಿ, ದನ, ಕುರಿ, ಕುರುಬರ ಬೊಂಬೆಗಳನ್ನು ಜೋಡಿಸುತ್ತಿದ್ದರು. ನೆಲಕ್ಕೆ ಹಾಸಿದ್ದ ಹಸಿರನ್ನು ಅಮ್ಮ ಬಗ್ಗಿ ಮುಟ್ಟಿ ನೋಡಿದರು. ಅದು ಪ್ಲಾಸ್ಟಿಕ್ ಆಗಿರಲಿಲ್ಲ, ತಟ್ಟೆಗಳಲ್ಲಿ ಬಿತ್ತಿ ಮೊಳಕೆ ಬರಿಸಿದ ರಾಗಿಯ ಪೈರು. ಮರಿಯಮ್ಮನಿದ್ದಳು, ಜೋಸೆಫನಿದ್ದ, ಆದರೆ ಇಬ್ಬರ ನಡುವಿನ ಹುಲ್ಲಿನ ತೊಟ್ಟಿಲು ಖಾಲಿಯಾಗಿತ್ತು. ಮಗುವಿನ ಬೊಂಬೆ ಕಳೆದುಹೋಗಿದೆಯೇ ಎಂದು ಅಮ್ಮ ಗಾಬರಿಯಿಂದಲೇ ವಿಚಾರಿಸಿದರು. "ಇಲ್ಲ ಅಜ್ಜಿ, ಮಗು ಇನ್ನೂ ಹುಟ್ಟಿಲ್ಲ, ರಾತ್ರಿ ಪೂಜೆಯಲ್ಲಿ ಇಡುವುದು" ಎಂದು ಒಬ್ಬ ಹುಡುಗ ನಗದೆ ಉತ್ತರಿಸಿದ. ಕೃಷ್ಣಾಷ್ಟಮಿಯ ದಿನ ಅರ್ಘ್ಯ ಬಿಡುವುದಕ್ಕೆ ನಡುರಾತ್ರಿಯವರೆಗೆ ಕಾಯುವ ಉಡುಪಿಯ ಕಡೆಯವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಅಲ್ಲಿಂದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ದೂರ ಬಹಳವಿಲ್ಲದಿದ್ದರೂ ಬಾವುಟಗುಡ್ಡೆಯ ಏರು ಹೊಸ ಮಂಡಿಗಳಿಗೆ ಸಲ್ಲದು. ಆಟೋದವರು ಮೀಟರ್ ಹಾಕಲು ಒಪ್ಪದೆ, ಹಬ್ಬದ ದಿನದ ದರವೆಂದು ಕೇಳಿದಷ್ಟು ವಸೂಲು ಮಾಡಿದರು. ಅಮ್ಮ ಅದನ್ನು ಸಂಜೆಯವರೆಗೂ ಮರೆಯಲಿಲ್ಲ. ಆದರೆ ಚಾಪೆಲ್‌ನ ಒಳಗೆ ಕಾಲಿಟ್ಟ ಮೇಲೆ ಸುಮಾರು ಒಂದು ಗಂಟೆಯ ಕಾಲ ಅವರು ಮಾತನಾಡಲಿಲ್ಲ. ನಮ್ಮ ಮನೆಯಲ್ಲಿ ಇದು ದಾಖಲೆ.

ಇಟಲಿಯ ಬೆರ್ಗಾಮೊ ಕಡೆಯವರಾದ ಆಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಈ ಚಾಪೆಲ್‌ನ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ಉಳಿದವು ಫ್ರೆಸ್ಕೊ. ಫ್ರೆಸ್ಕೊ ಎಂದರೇನೆಂದು ಹೇಳುವುದಕ್ಕೆ ನಾನು ಒದ್ದಾಡುತ್ತಿದ್ದಾಗ, ಪ್ರತಿ ವರ್ಷ ದೀಪಾವಳಿಗೆ ಮೊದಲು ಮನೆಗೆ ಸುಣ್ಣ ಬಳಿದ ಅನುಭವವಿರುವ ಅಮ್ಮನಿಗೆ ಅದು ನನಗಿಂತ ಬೇಗ ಅರ್ಥವಾಯಿತು. ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನದಲ್ಲಿ ಎಷ್ಟು ಚಿತ್ರ ಬರೆಯಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಗಾರೆ ಬಳಿಯಬೇಕು, ತಪ್ಪಾದರೆ ಆ ಭಾಗವನ್ನು ಕೆತ್ತಿ ತೆಗೆಯದೆ ಬೇರೆ ದಾರಿಯಿಲ್ಲ. ಮಂಗಳೂರಿನ ಮಳೆಗಾಲದ ತೇವದಲ್ಲಿ ಆ ಮನುಷ್ಯ ಇದನ್ನು ಹೇಗೆ ನಿಭಾಯಿಸಿದರೋ ಎಂದು ನಾನು ಚಾವಣಿಯನ್ನೇ ನೋಡುತ್ತ ನಿಂತೆ. ಅಲ್ಲಿರುವುದು ಸಂತ ಅಲೋಶಿಯಸ್ ಗೊನ್ಜಾಗಾ ಅವರ ಜೀವನಕಥೆ. ಅರಸುಮನೆತನದಲ್ಲಿ ಹುಟ್ಟಿ, ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದ ಯುವಕ, ರೋಮ್ ನಗರದಲ್ಲಿ ಪ್ಲೇಗ್ ಪೀಡಿತರ ಸೇವೆ ಮಾಡುತ್ತಲೇ ಕಾಯಿಲೆ ತಗುಲಿ 1591ರಲ್ಲಿ, 23ರ ವಯಸ್ಸಿನಲ್ಲಿ ತೀರಿಕೊಂಡ. ಈ ಕೊನೆಯ ಸಂಗತಿಯನ್ನು ಹೇಳುವಾಗ ನನಗೆ ಸಣ್ಣ ಮುಜುಗರವಾಯಿತು, ಏಕೆಂದರೆ ಆಸ್ಪತ್ರೆಯಿಂದ ತಪ್ಪಿಸಿಕೊಳ್ಳಲು ಬಂದವರು ಮತ್ತೆ ರೋಗಿಗಳ ಬಳಿಗೇ ಬಂದು ನಿಂತಿದ್ದೆವು.

ಅಮ್ಮ ಕೇಳಿದ್ದು ಬೇರೆಯೇ ಪ್ರಶ್ನೆ: ಇಷ್ಟೆಲ್ಲ ಬರೆದವನು ಆಮೇಲೆ ತನ್ನ ಊರಿಗೆ ಹೋದನೇ? ಹೋಗಲಿಲ್ಲ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಮಧ್ಯಾಹ್ನದ ಮೀನೂಟದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಊಟದ ನಂತರ ಗಡ್‌ಬಡ್ ಐಸ್‌ಕ್ರೀಮ್ ತಿನ್ನಲು ಹೋದೆವು. ಉದ್ದನೆಯ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಎರಡು ಮೂರು ಬಗೆಯ ಐಸ್‌ಕ್ರೀಮುಗಳನ್ನು ಪದರಪದರವಾಗಿ ಜೋಡಿಸಿ ಕೊಡುವ ಈ ಸಂಗತಿ ಹುಟ್ಟಿದ್ದು ತಮ್ಮಲ್ಲೆಂದು ಮಂಗಳೂರಿನವರೂ ಉಡುಪಿಯವರೂ ವಾದಿಸುತ್ತಾರೆ. ಉಡುಪಿ ಜಿಲ್ಲೆಯವನಾದ ನಾನು ಮಂಗಳೂರಿನಲ್ಲಿ ಕುಳಿತು ತಿನ್ನುತ್ತ ಆ ವಾದಕ್ಕೆ ಇಳಿಯುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದೆ.

ಬಲ್ಮಠದ ಶಾಂತಿ ಕೆಥೆಡ್ರಲ್‌ಗೆ ಹೋದದ್ದು ಅಮ್ಮನಿಗಿಂತ ಹೆಚ್ಚಾಗಿ ನನಗಾಗಿ, ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನ ಋಣವೆಂದೇ ಇಟ್ಟುಕೊಳ್ಳಿ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರ ಪರಂಪರೆಗೆ ಸೇರಿದ ದೇವಾಲಯವಿದು. ಪ್ರೊಟೆಸ್ಟಂಟರದ್ದಾದ್ದರಿಂದ ಚಿತ್ರಗಳ ಆಡಂಬರವಿಲ್ಲ. ಆ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಇದೇ ಊರಿನಿಂದ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಬಾಸೆಲ್ ಮಿಶನ್ನಿನ ಇಲ್ಲಿನ ಮುದ್ರಣಾಲಯದಲ್ಲೇ. ನಿಘಂಟು ಹೊರಬಂದ ಐದು ವರ್ಷಕ್ಕೆ ಕೂಗಳತೆಯ ಗುಡ್ಡದ ಮೇಲೆ ಮೊಸ್ಕೇನಿ ಕುಂಚ ಹಿಡಿದರು. ನಮ್ಮ ಮನೆಯ ಮಾಡಿನ ಹಂಚಿನ ಕಥೆಯೂ ಇವರಿಂದಲೇ ಶುರುವಾಗುತ್ತದೆ, ಮಂಗಳೂರು ಹಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಶನ್ 1860ರ ದಶಕದಲ್ಲಿ ತೆರೆದಿತ್ತು. ಹಂಚಿನ ಮಾತು ಬಂದಾಗ ಮಾತ್ರ ಅಮ್ಮ ತಲೆಯಾಡಿಸಿದರು.

ಬಿಸಿಲು ಇಳಿದ ಮೇಲೆ ಸುಲ್ತಾನ್ ಬತ್ತೇರಿಗೆ ಹೋದೆವು. ಯುದ್ಧನೌಕೆಗಳು ಗುರುಪುರ ಹೊಳೆಯೊಳಗೆ ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಈ ಕಾವಲು ಬುರುಜು ಕೂಡ 1784ರದ್ದೇ. ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಬಾಯಿಪಾಠದಂತೆ ಒಪ್ಪಿಸಿದ್ದ ಇಸವಿ ಸಂಜೆ ಹೊಳೆದಂಡೆಯಲ್ಲಿ ಕಲ್ಲಾಗಿ ಎದುರು ನಿಂತಾಗ ನಾನು ಸ್ವಲ್ಪ ಹೊತ್ತು ಬೆರಗಾದೆ. ಪಠ್ಯಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪುಟಗಳಲ್ಲಿರುತ್ತವೆ, ಊರಿನಲ್ಲಾದರೆ ಒಂದು ಆಟೋದಲ್ಲಿ ಮುಟ್ಟಬಹುದಾದಷ್ಟೇ ದೂರ. ಮೆಟ್ಟಿಲು ಹತ್ತಿ ತೋಪಿನ ಕಂಡಿಗಳಿಂದ ಹೊಳೆಯನ್ನು ನೋಡಿ ಬಂದದ್ದು ನಾನೊಬ್ಬನೇ. ಅಮ್ಮ ಕೆಳಗೆ ಕಟ್ಟೆಯ ಮೇಲೆ ಕುಳಿತು, ತಣ್ಣೀರುಬಾವಿಗೆ ಹೋಗುವ ದೋಣಿಗೆ ಜನ ಹತ್ತಿಳಿಯುವುದನ್ನು ನೋಡುತ್ತಿದ್ದರು.

ಕತ್ತಲಾಗುವ ಹೊತ್ತಿಗೆ ರೊಸಾರಿಯೊ ಕೆಥೆಡ್ರಲ್ ತಲುಪಿದೆವು. 1568ರಲ್ಲಿ ಪೋರ್ಚುಗೀಸರು ಸ್ಥಾಪಿಸಿದ ಇಗರ್ಜಿಯ ಜಾಗವಿದು, ಈಗಿನ ಗುಮ್ಮಟದ ಕಟ್ಟಡ ಬಹಳ ಈಚಿನದು. ಅಂದು ಅದರ ಅಂಚಿನುದ್ದಕ್ಕೂ ದೀಪಗಳನ್ನು ಪೋಣಿಸಿದ್ದರು. ಹೊಸ ಬಟ್ಟೆ ತೊಟ್ಟ ಕುಟುಂಬಗಳು ಬಲಿಪೂಜೆಗೆ ಬರತೊಡಗಿದ್ದವು, ಒಳಗಿನಿಂದ ಗಾಯಕವೃಂದದ ಅಭ್ಯಾಸ ಕೇಳಿಸುತ್ತಿತ್ತು. ಇಲ್ಲಿಯೂ ತೊಟ್ಟಿಲು ಖಾಲಿಯೇ. ಪೂಜೆಯವರೆಗೆ ಇದ್ದು ಮಗುವನ್ನು ನೋಡಿಯೇ ಹೋಗೋಣವೆಂದು ಅಮ್ಮನಿಗೆ ಬಹಳ ಆಸೆಯಿತ್ತು. ಆದರೆ ನಮ್ಮ ಬಸ್ಸು ತಪ್ಪಿದರೆ ರಾತ್ರಿ ಉಳಿಯಬೇಕಾಗುತ್ತದೆ, ಈ ಊರಿನಲ್ಲಿ ನಾವು ಉಳಿದ ಅಷ್ಟೂ ರಾತ್ರಿಗಳು ವಾರ್ಡಿನಲ್ಲಿ ಕಳೆದವು. ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದ ಬಳಿ ಒಂದು ಬೇಕರಿಯಲ್ಲಿ ಕುಸ್ವಾರಿನ ಪೊಟ್ಟಣ ಕೊಂಡು ಬಸ್ ಹತ್ತಿದೆವು. ಅದರಲ್ಲಿದ್ದ ನೆವ್ರಿ, ಕಿಡಿಯೊ, ಗುಳಿಯೊಗಳಿಗೆ ಅಮ್ಮನ ಮೆಚ್ಚುಗೆ ಸಿಕ್ಕಿತು. ಚಕ್ಕುಲಿಯನ್ನು ಮಾತ್ರ ಅವರು ಅರ್ಧಕ್ಕೇ ಬಿಟ್ಟು, ಅಷ್ಟಮಿಯ ಚಕ್ಕುಲಿ ಮಾಡುವವರ ಬಳಿ ಇವರು ಕಲಿಯಬೇಕು ಎಂದರು.

ಮರುದಿನ ಬೆಳಿಗ್ಗೆ ಬಾಯಮ್ಮ ಎಂದಿನಂತೆ ತಟ್ಟೆ ಹಿಡಿದು ಬಂದಾಗ ಅಮ್ಮ ಇಡೀ ದಿನದ ಕಥೆಯನ್ನು ಆಟೋ ಬಾಡಿಗೆಯ ಸಮೇತ ಹೇಳಿ, ಮಗುವನ್ನು ನೋಡಲಾಗಲಿಲ್ಲ ಎಂಬ ಮಾತಿನಲ್ಲಿ ನಿಲ್ಲಿಸಿದರು. "ಅದಕ್ಕೆ ಅಷ್ಟು ದೂರ ಯಾಕೆ ಹೋದದ್ದು ಮಾರಾಯ್ತಿ, ನಮ್ಮ ಜಗಲಿಯಲ್ಲೇ ಉಂಟಲ್ಲ" ಎಂದರು ಬಾಯಮ್ಮ. ತಟ್ಟೆಯನ್ನು ಖಾಲಿ ಹಿಂತಿರುಗಿಸಬಾರದೆಂದು ಅಮ್ಮ ಅದರಲ್ಲಿ ನಾಲ್ಕು ಬಾಳೆಹಣ್ಣು ಇಟ್ಟುಕೊಂಡು, ಕೋಲಿಲ್ಲದೆ ಅವರ ಹಿಂದೆಯೇ ಬೇಲಿ ದಾಟಿದರು. ಜಗಲಿಯ ಮೂಲೆಯ ಪುಟ್ಟ ಗೋದಲಿಯಲ್ಲಿ ಮಗು ಹುಲ್ಲಿನ ಮೇಲೆ ಮಲಗಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದ ಅಮ್ಮ, ಸುತ್ತಲಿನ ಪೈರಿನ ಮೇಲೆ ಕೈಯಾಡಿಸುತ್ತ, ರಾಗಿಯನ್ನು ಎಷ್ಟು ದಿನ ಮೊದಲು ಬಿತ್ತಿದ್ದೆಂದು ಕೇಳಿದರು.