ಜೈಸಲ್ಮೇರಿನಲ್ಲಿ ಜಲಚಕ್ರ ಪಾಠ

ನಾನು ವಿಜ್ಞಾನ ಕಲಿಸುವುದು ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಒಂದು ಶಾಲೆಯಲ್ಲಿ. ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಜೂನ್ ಬಂತೆಂದರೆ ಬಟ್ಟೆ ಒಣಗದ ಊರಿನವನು ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಂದರೆ ಹಬ್ಬ ಅನ್ನುವ ಕಡೆ ಬಂದು ಜಲಚಕ್ರ ಹೇಳಿಕೊಡುತ್ತಿದ್ದೇನೆ, ತಮಾಷೆ ಅಲ್ವಾ? ಪುಸ್ತಕದಲ್ಲಿ ಹಸಿರು ಬೆಟ್ಟ, ಹರಿಯುವ ನದಿ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ಮಾರ್ಕ್ಸೂ ಬರುತ್ತದೆ. ಆದರೆ ಬೇರಿಯ ನೀರು ಸಿಹಿ, ಅಲ್ಲೇ ಪಕ್ಕದ ಬೋರ್‌ವೆಲ್ ನೀರು ಉಪ್ಪು, ಯಾಕೆ ಅಂತ ಕೇಳಿದರೆ "ಅದು ಹಾಗೇ ಸರ್" ಅನ್ನುತ್ತಾರೆ. ನಾನೀಗ ಪಾಠವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಬೇರಿ ಅಂದರೆ ಇಲ್ಲಿನ ಕಿರಿದಾದ ಬಾವಿ. ಎಲ್ಲ ಕಡೆ ತೋಡಲು ಆಗುವುದಿಲ್ಲ, ಮರಳಿನ ಕೆಳಗೆ ಜಿಪ್ಸಮ್ ಪದರ ಇರುವ ಕಡೆ ಮಾತ್ರ. ಮಳೆನೀರು ಮರಳಲ್ಲಿ ಇಳಿದು ಆ ಪದರದ ಮೇಲೆ ನಿಲ್ಲುತ್ತದೆ, ಇನ್ನೂ ಆಳದ ಉಪ್ಪುನೀರಿನ ಜೊತೆ ಬೆರೆಯುವುದಿಲ್ಲ. ನಿಲ್ಲುವುದು ಕೆರೆಯ ಹಾಗಲ್ಲ, ಮರಳಿನ ಕಣಗಳ ನಡುವೆ ತೇವವಾಗಿ. ಗುಂಡಿ ತೋಡಿದರೆ ಹನಿ ಹನಿಯಾಗಿ ಜಿನುಗುತ್ತದೆ. ಮಳೆನೀರಿಗೆ ಪಾಲರ್ ಪಾನಿ, ಆಳದ್ದಕ್ಕೆ ಪಾತಾಲ್ ಪಾನಿ, ನಡುವಿನ ಈ ತೇವಕ್ಕೆ ರೆಜಾನಿ ಪಾನಿ ಅಂತ ಇಲ್ಲಿಯವರು ಬೇರೆ ಬೇರೆ ಲೆಕ್ಕ ಇಟ್ಟಿದ್ದಾರೆ. ನಮ್ಮ ಪುಸ್ತಕ ಅಂತರ್ಜಲ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತದೆ.

ಕ್ಲಾಸಿನಲ್ಲಿ ಮಾಡುವುದು ಸುಲಭ. ಎರಡು ಲೋಟದಲ್ಲಿ ಎರಡು ನೀರು, 9 ವೋಲ್ಟ್ ಬ್ಯಾಟರಿ, ಸಣ್ಣ ರೆಸಿಸ್ಟರ್, ಒಂದು ಎಲ್‌ಇಡಿ, ಎರಡು ಪೆನ್ಸಿಲ್ ಕಡ್ಡಿ. ಬೋರ್‌ವೆಲ್ ನೀರಲ್ಲಿ ಅದ್ದಿದರೆ ದೀಪ ಝಗ್ಗಂತ ಹತ್ತುತ್ತದೆ, ಬೇರಿ ನೀರಲ್ಲಿ ಮಂಕು. "ನಮ್ಮಜ್ಜಿ ನಾಲಿಗೆಯಲ್ಲೇ ಹೇಳ್ತಾಳೆ, ಬ್ಯಾಟರಿ ಯಾಕೆ?" ಅಂತ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಅಜ್ಜಿಗೆ ಯಾವುದು ಉಪ್ಪು ಅಂತ ಗೊತ್ತು, ಉಪ್ಪಿದ್ದರೆ ಕರೆಂಟ್ ಯಾಕೆ ಹರಿಯುತ್ತದೆ ಅನ್ನುವುದು ನಾವು ಕಂಡುಹಿಡಿಯಬೇಕಾದದ್ದು. ಅಯಾನುಗಳ (ಉಪ್ಪು ನೀರಲ್ಲಿ ಕರಗಿದಾಗ ಬಿಡಿಯಾಗಿ ಕರೆಂಟ್ ಹೊತ್ತೊಯ್ಯುವ ಕಣಗಳ) ಪಾಠಕ್ಕೆ ಇದಕ್ಕಿಂತ ಒಳ್ಳೆ ಬಾಗಿಲು ನನಗೆ ಸಿಕ್ಕಿಲ್ಲ.

ಇಷ್ಟು ಬಿಸಿಲಲ್ಲಿ ಮರಳೊಳಗಿನ ತೇವ ಆರಿಹೋಗುವುದಿಲ್ಲವೇ? ಒಂದು ಡಬ್ಬದಲ್ಲಿ ಮರಳು, ಇನ್ನೊಂದರಲ್ಲಿ ಕೆರೆಮಣ್ಣು, ಅಷ್ಟೇ ನೀರು ಹಾಕಿ ಬಿಸಿಲಿಗಿಟ್ಟು ದಿನಾ ತೂಕ ಮಾಡಿಸಿ. ಕೆರೆಮಣ್ಣು ಒಣಗುತ್ತಾ ಬಿರುಕು ಬಿಟ್ಟು, ಆ ಬಿರುಕಿನ ಮೂಲಕವೂ ನೀರು ಕಳಕೊಳ್ಳುತ್ತದೆ. ಮರಳು ಬಿರಿಯುವುದಿಲ್ಲ. ಮೇಲ್ಪದರ ಒಣಗಿ ಮುಚ್ಚಳದ ಹಾಗೆ ಕೂತುಬಿಡುತ್ತದೆ, ಬೆರಳು ಒತ್ತಿದರೆ ಒಳಗೆ ಇನ್ನೂ ತಂಪು. ಕಣಗಳ ನಡುವಿನ ಸಣ್ಣ ಸಂದಿಯಲ್ಲಿ ನೀರು ತಾನಾಗಿ ಮೇಲೇರುತ್ತದೆ, ಒಣಗಿದ ಮರಳಿನ ಪದರದಲ್ಲಿ ಆ ದಾರಿ ತುಂಡಾಗುತ್ತದೆ. ಹಾಗೆ ಮೇಲೇರುವುದಕ್ಕೆ ಲೋಮನಾಳ ಕ್ರಿಯೆ ಅಂತ ನಾನು ಬೋರ್ಡಿನಲ್ಲಿ ಬರೆದದ್ದು ಆಮೇಲೆ. ಮೊದಲೇ ಹೆಸರು ಹೇಳಿದರೆ ಮಕ್ಕಳು ಹೆಸರನ್ನಷ್ಟೇ ಬರಕೊಂಡು ಸುಮ್ನಾಗ್ತಾರೆ.

ರಸಾಯನಶಾಸ್ತ್ರಕ್ಕೂ ದೂರ ಹೋಗಬೇಕಿಲ್ಲ. ಇಲ್ಲಿನ ಹಳದಿ ಸುಣ್ಣಕಲ್ಲಿನ ಚೂರಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಬಿಟ್ಟರೆ ಬುಸ್ಸಂತ ನೊರೆ. ಕೆಲವು ಕಲ್ಲಲ್ಲಿ ಚಿಪ್ಪಿನ ಗುರುತೂ ಇರುತ್ತದೆ. ಇಲ್ಲಿ ಸಮುದ್ರ ಇತ್ತು ಅಂದರೆ ಮೊದಲು ನಗುತ್ತಾರೆ, ಆಮೇಲೆ ಮನೆಗೋಡೆಗಳನ್ನೆಲ್ಲ ತಡಕುತ್ತಾರೆ.

ಮಾಡಿ ನೋಡುವ ಮೇಷ್ಟ್ರುಗಳಿಗೆ ಒಂದು ಮಾತು: ಬೇರಿ ತೋರಿಸಲು ಕರಕೊಂಡು ಹೋದರೆ ಮಕ್ಕಳನ್ನು ಅಂಚಿಗೆ ಬಿಡಬೇಡಿ. ಬಾಯಿ ಕಿರಿದು, ಆಳ ಜಾಸ್ತಿ, ಸುತ್ತ ಮರಳು ಜಾರುತ್ತದೆ. ನೀರು ಸೇದಲು ಊರಿನ ದೊಡ್ಡವರನ್ನೇ ಕೇಳಿ.