ಆಶಾ ಕಾರ್ಯಕರ್ತೆಯರ ಗೌರವಧನ ಮತ್ತು ಏಪ್ರಿಲ್ ಬಿಸಿಲು

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಧರಣಿ ಕುಳಿತು 15,000 ರೂಪಾಯಿ ಮಾಸಿಕ ಗೌರವಧನ ಕೇಳಿದರು. ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆಯಿತ್ತ ಮೇಲೆ ಧರಣಿ ಮುಗಿಯಿತು. ಅಂದಿನ ಚರ್ಚೆಯೆಲ್ಲ ಹಣದ ಸುತ್ತಲೇ ನಡೆದದ್ದು ಸಹಜವಾದರೂ, ಅವರ ದುಡಿಮೆಯ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ.

ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ತೆರೆದಿರುತ್ತವೆ. ಕಡತಗಳಿಗೆ ದೊರೆತ ಈ ರಿಯಾಯಿತಿ ಬಾಣಂತಿಯರ ಮನೆಬಾಗಿಲಿಗೆ ನಡೆಯುವವರಿಗೆ ಅನ್ವಯಿಸುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನಗಳಂದು ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ ಮಗುವಿನ ತೂಕ ನೋಡಬೇಕು, ಮೈ ಬಿಸಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಇಷ್ಟೂ ಭೇಟಿಗಳಿಗೆ ಸೇರಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಏಪ್ರಿಲ್ ಮೊದಲ ವಾರ ಹುಟ್ಟಿದ ಮಗುವಿನ ಕೊನೆಯ ಭೇಟಿ ಮೇ ತಿಂಗಳ ಉರಿಬಿಸಿಲಿಗೇ ಬೀಳುತ್ತದೆ.

ಹವಾಮಾನ ನೀತಿಯೆಂದರೆ ಸೌರಫಲಕ, ವಿದ್ಯುತ್ ವಾಹನ ಎಂದುಕೊಳ್ಳುವ ನಮ್ಮ ನಗರದ ಬುದ್ಧಿಗೆ ಈ ಬಿಸಿಲಿನ ನಡಿಗೆಯೂ ಹವಾಮಾನದ ಪ್ರಶ್ನೆಯೇ ಎಂದು ಹೊಳೆಯುವುದಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗೆ ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾದ, ವರ್ಷಕ್ಕೆ ಗರಿಷ್ಠ 10,000 ರೂಪಾಯಿ ಮುಕ್ತ ನಿಧಿ ಇದೆ. ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕೆಂದು ಕಾನೂನು ಹೇಳುತ್ತದೆ. ಬೇಸಿಗೆಗೆ ಮುನ್ನ ಸೇರುವ ಸಭೆಯಲ್ಲಿ ಮನೆಭೇಟಿಯ ವೇಳೆ, ಉಪಕೇಂದ್ರದ ಮುಂದೆ ನೆರಳು, ಕುಡಿಯುವ ನೀರು ಇವುಗಳ ಬಗ್ಗೆ ಠರಾವು ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲ.