ಲೆಕ್ಕ ಒಪ್ಪಿಸುವ ಪ್ರಾರ್ಥನೆ

ಭಾನುವಾರ, 13 ಜುಲೈ 2025, ರಾತ್ರಿ

ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿ ಬರೆಯಲು ಕುಳಿತಿದ್ದೇನೆ. ನನ್ನ ಮಾತು ನನಗೇ ಕೇಳಿಸಿಬಿಟ್ಟಿತು: ಇಂದು ಬೈಬಲ್ ಓದಿದೆ, ಒಬ್ಬರ ಮೇಲೆ ರೇಗಿದೆ, ಕ್ಷಮಿಸು, ನಾಳೆ ಹಾಗೆ ಮಾಡುವುದಿಲ್ಲ. ಇದು ಪ್ರಾರ್ಥನೆಯೋ, ದಿನ ಮುಗಿದ ಮೇಲೆ ಯಜಮಾನನಿಗೆ ಒಪ್ಪಿಸುವ ಲೆಕ್ಕವೋ?

ಬೆಳಿಗ್ಗೆ ಓದಿದ್ದು ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ 8ನೇ ಅಧ್ಯಾಯ. ನೀವು ಹೊಂದಿರುವುದು ದಾಸನ ಭಾವವಲ್ಲ, ಮಗನ ಭಾವ ಎನ್ನುತ್ತಾನೆ. ಅವನ ಗ್ರೀಕ್ ಪದ ‘ಹುಯೊಥೆಸಿಯಾ’, ಅಂದರೆ ದತ್ತುಸ್ವೀಕಾರ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಐದೇ ಸಲ, ಐದೂ ಅವನ ಹೆಸರಿನ ಪತ್ರಗಳಲ್ಲಿ.

ಆ ‘ಮಗ’ ಎಂಬ ಪದದ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಮಗಳು ಎಲ್ಲಿ ಹೋದಳು? ರೋಮಿನ ಪದ್ಧತಿಯನ್ನು ಓದಿದ ಮೇಲೆ ಸಿಟ್ಟು ತಿರುವು ಪಡೆಯಿತು. ಅಲ್ಲಿ ದತ್ತು ಎಂದರೆ ತಬ್ಬಲಿ ಕೂಸನ್ನು ಎತ್ತಿಕೊಳ್ಳುವುದಲ್ಲ. ಹೆಚ್ಚಾಗಿ ಬೆಳೆದ ಗಂಡಸನ್ನೇ ಮನೆತನಕ್ಕೆ ವಾರಸುದಾರನಾಗಿ ತಂದುಕೊಳ್ಳುವುದು. ಕ್ರಿ.ಶ. 4ರಲ್ಲಿ ಚಕ್ರವರ್ತಿ ಅಗಸ್ಟಸ್ ದತ್ತು ತೆಗೆದುಕೊಂಡಾಗ ಟೈಬೀರಿಯಸ್‌ಗೆ ನಲವತ್ತು ದಾಟಿತ್ತು. ಪೌಲನ ಪತ್ರ ರೋಮಿಗೆ ತಲುಪಿದ ಕಾಲದಲ್ಲಿ ಆಳುತ್ತಿದ್ದ ನೀರೋ ಕೂಡ ಹಿಂದಿನ ಚಕ್ರವರ್ತಿ ಕ್ಲಾಡಿಯಸ್‌ನ ದತ್ತುಪುತ್ರನೇ. ಅಂಥ ಊರಿನಲ್ಲಿ ಈ ಪದವನ್ನು ಪೌಲ ಯಾರ ಕೈಗೆ ಕೊಟ್ಟ? ಅದೇ ಪತ್ರದ 16ನೇ ಅಧ್ಯಾಯದಲ್ಲಿ ಅವನು ವಂದನೆ ಹೇಳುವವರಲ್ಲಿ ಮರಿಯಳಿದ್ದಾಳೆ, ಪೆರ್ಸೀಸಳಿದ್ದಾಳೆ. ಗಂಡುಮಗನ ಹಕ್ಕು ಅವರದೂ ಆಯಿತು, ಕ್ರಿಸ್ತನೊಂದಿಗೆ ವಾರಸುದಾರಿಕೆಯ ಸಮೇತ. ನನ್ನ ಸಿಟ್ಟನ್ನು ನಾನು ಹಿಂದಕ್ಕೆ ಪಡೆದೆ. ಪೂರ್ತಿಯಾಗಿ ಅಲ್ಲ.

ಆ ಭಾವದಿಂದಲೇ ‘ಅಬ್ಬಾ’ ಎಂದು ಕೂಗುತ್ತೇವೆ ಎನ್ನುತ್ತಾನೆ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯ ‘ಅಪ್ಪಾ’, ಕನ್ನಡದ ಕಿವಿಗೆ ಅನುವಾದವೇ ಬೇಡ. ಅದು ಎಳೆಮಕ್ಕಳ ತೊದಲು ಎಂದು ಚರ್ಚಿನ ಪ್ರಸಂಗಗಳಲ್ಲಿ ಹೇಳುವುದುಂಟು, ಆದರೆ ಬೆಳೆದವರೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರು. ಮಾರ್ಕನ ಸುವಾರ್ತೆಯಲ್ಲಿ ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ಎಂಬಲ್ಲಿ ಹಾಗೆ ಕರೆದು, ಸಂಕಟದ ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡಿದ. ಅದು ತೊಲಗಲಿಲ್ಲ. ಮಗನಾದರೆ ಕೇಳಿದ್ದೆಲ್ಲ ಸಿಗುತ್ತದೆ ಎನ್ನುವವರು ಈ ಪುಟವನ್ನು ಹೇಗೆ ದಾಟುತ್ತಾರೋ! ಪೌಲನಂತೂ ದಾಟುವುದಿಲ್ಲ. ದತ್ತು ಆಗಿದೆ ಎಂದವನೇ ಎಂಟು ವಚನಗಳ ನಂತರ, ದೇಹಕ್ಕೆ ಬಿಡುಗಡೆಯಾಗುವ ಆ ದತ್ತುಸ್ವೀಕಾರಕ್ಕಾಗಿ ಇನ್ನೂ ನರಳುತ್ತಾ ಕಾಯುತ್ತಿದ್ದೇವೆ ಎನ್ನುತ್ತಾನೆ.

ಲೂಕನ ಸುವಾರ್ತೆಯ ಕಥೆಯಲ್ಲಿ ಆಸ್ತಿಯ ಪಾಲನ್ನು ಹಾಳುಮಾಡಿ ಮನೆಗೆ ಮರಳುವ ಕಿರಿಮಗನೂ ನೆನಪಾಗುತ್ತಾನೆ. ಅವನು ದತ್ತುಮಗನಲ್ಲ, ಆದರೆ ರೋಗ ನನ್ನದೇ. ‘ನನ್ನನ್ನು ಕೂಲಿಯಾಳಾಗಿ ಇಟ್ಟುಕೋ’ ಎಂಬ ಮಾತನ್ನು ದೂರದಲ್ಲೇ ಜೋಡಿಸಿಕೊಂಡು ಬರುತ್ತಾನೆ. ಮನೆ ಮುಟ್ಟಿದ ಮೇಲೆ ಆ ಒಂದು ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆ ನಿಲುವಂಗಿ ತರಲು ಹೇಳಿಯಾಗಿರುತ್ತದೆ.

ಮತ್ತೆ ಕಣ್ಣು ಮುಚ್ಚಿ ‘ಅಪ್ಪಾ’ ಎಂದೆ. ಮುಂದಿನ ಮಾತು ‘ಕ್ಷಮಿಸು’ ಎಂದೇ ಬಂತು.